ಟಾಪು ಇಳಿಸುವ ಯಜಮಾನರು

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಕಾರಿನ ಮುಖ ನೋಡದೆ ನೆತ್ತಿ ನೋಡುವ ಒಂದು ಪಂಗಡವಿದೆ. ಎಷ್ಟೇ ಚೆಂದದ ಹಳೆ ಕಾರು ತಂದು ನಿಲ್ಲಿಸಿ, ಕಣ್ಣು ಕಿರಿದು ಮಾಡಿ ‘ಟಾಪು ಸ್ವಲ್ಪ ಎತ್ತರವಾಯಿತು’ ಅನ್ನುತ್ತಾರೆ. ಬರ್ಬ್ಯಾಂಕಿನಲ್ಲಿ ನನ್ನ ಪಕ್ಕದ ಮನೆಗೇ ಅಂಥ ಯಜಮಾನರೊಬ್ಬರು ಒದಗಿದ್ದಾರೆ. ಎಪ್ಪತ್ತು ದಾಟಿದೆ, ಎರಡೂ ಮಂಡಿ ಬದಲಾಗಿವೆ. ಗ್ಯಾರೇಜಿನಲ್ಲಿರುವುದು 1932ರ ಫೋರ್ಡ್ ಕೂಪೆ. ಹೆನ್ರಿ ಫೋರ್ಡ್ ಸಾಮಾನ್ಯರ ಕೈಗೆಟುಕುವ ಬೆಲೆಗೆ ವಿ-8 ಎಂಜಿನ್ ಕೊಟ್ಟ ವರ್ಷದ್ದು.

ಟಾಪು ಇಳಿಸುವುದಕ್ಕೆ, ಅಂದರೆ ಕಾರಿನ ಚಾವಣಿ ಹೊತ್ತ ಕಂಬಗಳನ್ನು ಕತ್ತರಿಸಿ ಅದನ್ನು ತಗ್ಗಿಸುವುದಕ್ಕೆ, ಒಂದು ಕಾಲದಲ್ಲಿ ಕಾರಣವಿತ್ತು. ಮೂವತ್ತು, ನಲವತ್ತರ ದಶಕದ ಹುಡುಗರು ಮ್ಯುರಾಕ್, ಎಲ್ ಮಿರಾಜ್‌ಗಳ ಒಣಕೆರೆಗಳಲ್ಲಿ ಹಳೆ ಫೋರ್ಡ್‌ಗಳನ್ನು ರೇಸಿಗೆ ಬಿಡುತ್ತಿದ್ದರು. ಗಾಳಿಗೆ ಅಡ್ಡ ನಿಲ್ಲುವ ಭಾಗ ಕಡಿಮೆಯಾದಷ್ಟೂ ವೇಗ ಹೆಚ್ಚು. ನಮ್ಮ ಯಜಮಾನರ ಗುರಿಯೋ, ಶುಕ್ರವಾರ ಸಂಜೆ ಬಾಬ್ಸ್ ಬಿಗ್ ಬಾಯ್ ಹೋಟೆಲಿನ ಬಳಿ ಸೇರುವ ಹಳೆ ಕಾರುಗಳ ಜಾತ್ರೆ. ಅಲ್ಲಿ ಗಾಳಿಯದೇನೂ ತಕರಾರಿಲ್ಲ, ತಕರಾರೆಲ್ಲ ಪಾರ್ಕಿಂಗಿನದು.

‘ಎರಡು ನಿಮಿಷ ಬಾ’ ಎಂದು ಕರೆದವರು ನನ್ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ತಲೆಯ ಮೇಲೆ ಮರದ ಪಟ್ಟಿ ಇಟ್ಟರು. ನನ್ನದು ಬೋಳುತಲೆ; ಕೂದಲಿನ ಲೆಕ್ಕ ಕಳೆಯಬೇಕಿಲ್ಲವಾದ್ದರಿಂದ ಅಳತೆ ಕರಾರುವಾಕ್ಕಾಗಿ ಸಿಗುತ್ತದಂತೆ. ನನ್ನ ತಲೆಗೆ ಈ ದೇಶದಲ್ಲಿ ಸಿಕ್ಕ ಮೊದಲ ಮರ್ಯಾದೆ ಅದು. ‘ಅಷ್ಟು ನೆಟ್ಟಗೆ ಕೂರಬೇಡ, ಕಾರಿನಲ್ಲಿ ಯಾರೂ ಹಾಗೆ ಕೂರುವುದಿಲ್ಲ’ ಎಂದು ಗದರಿ, ಮದುವೆ ಬಟ್ಟೆಗೆ ಕೂತ ದರ್ಜಿಯಂತೆ ಮತ್ತೆ ಮತ್ತೆ ಟೇಪು ಹಿಡಿದರು. ಆಮೇಲೆ ಮುಂದಿನ ಗಾಜಿನ ಮೇಲಂಚಿಗೆ ಮೂರಿಂಚು ನೀಲಿ ಟೇಪು ಅಂಟಿಸಿ, ಟಾಪು ಇಳಿದೇ ಬಿಟ್ಟಿದೆ ಎಂದುಕೊಂಡು ಊರು ಸುತ್ತಿಸಿದರು. ಇಲ್ಲಿ ಸಿಗ್ನಲ್ ದೀಪ ನಡುರಸ್ತೆಯ ಮೇಲೆ ತೂಗುತ್ತದೆ. ಟೇಪಿನ ಹಿಂದೆ ಅದು ಕಾಣಿಸಬೇಕಲ್ಲ! ಪ್ರತಿ ಸರ್ಕಲ್ಲಿನಲ್ಲೂ ನಾನು ಕಿಟಕಿಯಿಂದ ಕತ್ತು ಹೊರಚಾಚಿ ‘ಹಸಿರು!’ ಎಂದು ಕೂಗಬೇಕಾಯಿತು. ಹಿಂದಿನವರ ಹಾರನ್ ಅಷ್ಟರಲ್ಲಿ ಅದನ್ನೇ ಹೇಳಿರುತ್ತಿತ್ತು. ಕೊನೆಗೆ ಡ್ಯಾಶ್‌ಬೋರ್ಡಿನ ಮೇಲೆ ಪ್ಲಾಸ್ಟಿಕ್ಕಿನದೊಂದು ಪಟ್ಟಕ ಬಂತು. ಮೇಲಿನ ದೀಪ ಅದರೊಳಗೆ ಕಾಣುತ್ತದೆ. ನನ್ನ ನೌಕರಿ ಹೋಯಿತು.

ಕತ್ತರಿಸುವುದೇನೂ ದೊಡ್ಡದಲ್ಲವಂತೆ. ಕಂಬಗಳು ಮೇಲೆ ಹೋದಂತೆ ಒಳಕ್ಕೆ ವಾಲಿರುವುದರಿಂದ, ನಡುವಿನ ತುಂಡು ತೆಗೆದರೆ ಮೇಲಿನದು ಕೆಳಗಿನದಕ್ಕೆ ಕೂಡುವುದಿಲ್ಲ. ಬಾಗಿಸಿ, ತೇಪೆ ಹಾಕಿ ಬೆಸುಗೆ ಮಾಡಬೇಕು. ಆ ಕಾಲದ ಗಾಜು ಚಪ್ಪಟೆ, ಕೊಯ್ಯುವುದು ಸುಲಭ. ಕಷ್ಟವಿರುವುದು ಒಳಗಿನ ಮನುಷ್ಯನನ್ನು ಇಳಿಸುವುದರಲ್ಲಿ. ಸೀಟು ತಗ್ಗಿಸಿದರೆ ಮಂಡಿ ಏಳುತ್ತದೆ, ಮಂಡಿ ಎದ್ದರೆ ಸ್ಟೀರಿಂಗ್ ತೊಡೆಗೆ ತಾಗುತ್ತದೆ, ಸ್ಟೀರಿಂಗ್ ಸರಿಸಿದರೆ ಪೆಡಲ್ ಒಪ್ಪುವುದಿಲ್ಲ. ಇದನ್ನೆಲ್ಲ ಬೇಲಿಯಾಚೆಯಿಂದ ಭಾನುವಾರ ಬೆಳಿಗ್ಗೆ, ನನ್ನ ಕಾಫಿ ಆರುವವರೆಗೆ ಹೇಳುತ್ತಾರೆ.

ಗೆಳೆಯರು ಐದಿಂಚು ಇಳಿಸಿದ್ದಾರೆ. ಮೂರಕ್ಕೆ ನಿಂತ ಇವರನ್ನು ಪುಕ್ಕಲ ಎಂದು ಛೇಡಿಸುತ್ತಾರೆ. ಆ ಕಾರುಗಳು ಈಗ ಹೊದಿಕೆಯಡಿ ಮಲಗಿವೆ. ಒಳಗೆ ತೂರಲು ಒಡೆಯರ ಸೊಂಟ ಬಗ್ಗುವುದಿಲ್ಲ. ಯಜಮಾನರಿಗೆ ಕಾರು ಓಡಬೇಕು, ಪಕ್ಕದಲ್ಲಿ ಹೆಂಡತಿಯೂ ಕೂರಬೇಕು. ಹುಡುಗಿಯಾಗಿದ್ದಾಗ ಆಕೆ ಇಂಥದೇ ಕಾರಿನಲ್ಲಿ ಮೊಣಕಾಲಿಗೆ ಗದ್ದ ಊರಿ ಎಲ್ ಮಿರಾಜ್‌ವರೆಗೂ ಹೋಗಿದ್ದರಂತೆ. ಆಗ ದಾರಿಯುದ್ದಕ್ಕೂ ನಕ್ಕಿದ್ದರಂತೆ. ಈಗ ತಲೆ ತಾಗಿದರೆ ಬರುವುದಿಲ್ಲ ಎಂದಿದ್ದಾರೆ. ಅಳತೆಪಟ್ಟಿಯ ಮೇಲಿನ ನನ್ನ ಸಿಟ್ಟು ಇದನ್ನು ಕೇಳಿದ ಮೇಲೆ ಸ್ವಲ್ಪ ಇಳಿದಿದೆ, ಪೂರ್ತಿ ಅಲ್ಲ.

ಟಾಪು ಇಳಿಯಿತು, ಸೀಟಿನ ಸ್ಪಂಜು ತೆಳುವಾಯಿತು. ಆಕೆ ಬಂದು ಕೂತರು, ತಲೆ ತಾಗಲಿಲ್ಲ. ಆದರೆ ಸೀಟು ಗಟ್ಟಿ ಎಂದು ಒಳಗಿನಿಂದ ದಿಂಬು ತಂದು ಹಾಕಿಕೊಂಡರು. ತಲೆ ತಾಗಿತು. ದಿಂಬು ತೆಗೆಯಿರಿ ಎಂದು ಹೇಳುವ ಧೈರ್ಯ ಯಜಮಾನರಿಗಿಲ್ಲ. ಈಗ ಸೀಟಿನಡಿಯ ನೆಲ ಕೊಯ್ಯುತ್ತಿದ್ದಾರೆ. ಅದರ ಕೆಳಗೆ ಸೈಲೆನ್ಸರ್ ಪೈಪಿದೆ, ಅದನ್ನೂ ಸರಿಸಬೇಕಂತೆ.