ಅಸ್ತಾನಾದ ಆಸ್ಥಾನ ವಿದ್ವಾಂಸರು

ಬ್ಯಾಂಕಾಕಿನ ಹೋಟೆಲೊಂದರ ಹದಿನಾಲ್ಕನೆಯ ಮಹಡಿ. ಯಾರದೋ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದ ಗಣಿತದ ಮೇಷ್ಟ್ರು, ತಾವು ಈವರೆಗೆ ಕಂಡ ದೊಡ್ಡ ಚಳಿ ಎಂದರೆ ಊಟಿಯದು ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಎದುರಿಗಿದ್ದ ಪ್ರಿನ್ಸಿಪಾಲರು ಕಝಾಕಸ್ತಾನದ ರಾಜಧಾನಿಯಿಂದ ಬಂದಿದ್ದವರು. ತಮ್ಮೂರಿನಲ್ಲಿ ಚಳಿಗಾಲದಲ್ಲಿ ಮೈನಸ್ 30 ಡಿಗ್ರಿ ಆಗುವುದುಂಟು ಎಂದು ಅವರು, ಮಳೆ ಬರಬಹುದು ಎನ್ನುವ ದನಿಯಲ್ಲಿ ಹೇಳಿದರು. ಪಕ್ಕದಲ್ಲಿ ಕೂತಿದ್ದ ಜೀವಶಾಸ್ತ್ರದ ಟೀಚರು, ಅಂದರೆ ಮೇಷ್ಟ್ರ ಹೆಂಡತಿ, ಗಂಡನ ಕಾಲು ತುಳಿದರು. ಮೇಷ್ಟ್ರು ಅದನ್ನು ಪ್ರೋತ್ಸಾಹ ಎಂದು ತಿಳಿದು, "ಊಟಿಯಲ್ಲೂ ಬೆಳಿಗ್ಗೆ ಹುಲ್ಲಿನ ಮೇಲೆ ಹಿಮ ಕೂತಿರುತ್ತೆ ಸಾರ್" ಎಂದು ಸೇರಿಸಿದರು.

ಇದು ನಡೆದದ್ದು 2019ರ ಜನವರಿಯಲ್ಲಿ. ಗಂಡ ಹೆಂಡತಿ ಇಬ್ಬರೂ ಮೈಸೂರಿನವರು. ಬೆಂಗಳೂರಿನ ಹೊರವಲಯದ ಒಂದು ಅಂತರರಾಷ್ಟ್ರೀಯ ಶಾಲೆಯಲ್ಲಿ ಆರು ವರ್ಷ ಪಾಠ ಹೇಳಿದ್ದವರು. ಅಲ್ಲಿ ಪಕ್ಕದ ಮೇಜಿನ ಕೆನಡಾದವನಿಗೆ ಶಾಲೆಯೇ ಮನೆ ಕೊಟ್ಟಿತ್ತು, ವರ್ಷಕ್ಕೊಮ್ಮೆ ಊರಿಗೆ ಹೋಗಿಬರಲು ಟಿಕೆಟ್ಟು ಕೊಡುತ್ತಿತ್ತು, ಮಗುವಿಗೆ ಫೀಸಿರಲಿಲ್ಲ. ಮೇಷ್ಟ್ರಿಗೆ ಸಿಗುತ್ತಿದ್ದದ್ದು ಶಾಲೆಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು. ಇಬ್ಬರದೂ ಒಂದೇ ಗಣಿತ, ಒಂದೇ ಹನ್ನೊಂದನೇ ತರಗತಿ. ಒಬ್ಬ ಓವರ್ಸೀಸ್ ಹೈರ್, ಇನ್ನೊಬ್ಬ ಲೋಕಲ್ ಹೈರ್, ಅಷ್ಟೇ ವ್ಯತ್ಯಾಸ. ಓವರ್ಸೀಸ್ ಆಗಬೇಕಾದರೆ ಸಮುದ್ರ ದಾಟಬೇಕು, ಬೇರೆ ದಾರಿಯಿಲ್ಲ ಎಂದು ಕೊನೆಗೆ ಟೀಚರೇ ಲೆಕ್ಕ ಹಾಕಿದರು.

ಸಮುದ್ರ ದಾಟಿಸುವ ದೋಣಿಯ ಹೆಸರು ಜಾಬ್ ಫೇರ್. ಜಗತ್ತಿನ ಹೆಚ್ಚಿನ ಅಂತರರಾಷ್ಟ್ರೀಯ ಶಾಲೆಗಳು ಆಗಸ್ಟ್ ಹೊತ್ತಿಗೆ ತೆರೆಯುತ್ತವೆ. ಯಾರು ಉಳಿಯುತ್ತಾರೆ, ಯಾರು ಬಿಡುತ್ತಾರೆ ಎಂಬುದು ಹಿಂದಿನ ಡಿಸೆಂಬರಿನೊಳಗೆ ಗೊತ್ತಾಗಿರುತ್ತದೆ. ಹಾಗಾಗಿ ಆಗೆಲ್ಲ ಜನವರಿ, ಫೆಬ್ರವರಿ ಬಂತೆಂದರೆ ಪ್ರಿನ್ಸಿಪಾಲರು ಪೆಟ್ಟಿಗೆ ಕಟ್ಟುತ್ತಿದ್ದರು. ಬ್ಯಾಂಕಾಕ್, ಲಂಡನ್, ಆಮೇಲೆ ಅಮೆರಿಕದ ಕೇಂಬ್ರಿಜ್. ಮೂರನೆಯ ಊರಿನ ಹೊತ್ತಿಗೆ ಅವರಿಗೆ ಎದುರಿಗೆ ಕೂತವರ ಹೆಸರಿರಲಿ, ತಾವು ಯಾವ ಊರಿನಲ್ಲಿದ್ದೇವೆ ಎಂಬುದೂ ಜ್ಞಾಪಕದಲ್ಲಿ ಇರುತ್ತಿರಲಿಲ್ಲ.

ಈ ಪದ್ಧತಿಯ ತವರು ಅಮೆರಿಕದ ಅಯೋವಾ. ಅಲ್ಲಿನ ನಾರ್ದರ್ನ್ ಅಯೋವಾ ವಿಶ್ವವಿದ್ಯಾಲಯ 1976ರಲ್ಲಿ ಇಂಥದ್ದೊಂದು ಮೇಳ ಶುರುಮಾಡಿತು. ವಿಶ್ವವಿದ್ಯಾಲಯ ಇರುವುದು ಸೀಡರ್ ಫಾಲ್ಸ್ ಎಂಬ ಊರಿನಲ್ಲಿ. ಮೇಳ ಅನೇಕ ವರ್ಷ ನಡೆದದ್ದು ಪಕ್ಕದ ವಾಟರ್‌ಲೂನಲ್ಲಿ. ನೆಪೋಲಿಯನ್ ಸೋತ ವಾಟರ್‌ಲೂ ಬೆಲ್ಜಿಯಮ್ಮಿನದು; ಅಯೋವಾದ ವಾಟರ್‌ಲೂನಲ್ಲಿ ಸೋತ ಮೇಷ್ಟ್ರುಗಳ ಪಟ್ಟಿಯನ್ನು ಯಾರೂ ಇಟ್ಟಿಲ್ಲ. ಸುತ್ತ ಮೆಕ್ಕೆಜೋಳದ ಹೊಲ, ಮೇಲೆ ಮೊಣಕಾಲುದ್ದ ಹಿಮ. ಕೊಲ್ಲಿಯ ಮರುಭೂಮಿಯಿಂದಲೂ ಆಫ್ರಿಕಾದಿಂದಲೂ ಬಂದ ಪ್ರಿನ್ಸಿಪಾಲರು ಆ ಹಿಮದಲ್ಲಿ ಕೂತು ತಮ್ಮೂರಿನ ಬಿಸಿಲನ್ನು ವರ್ಣಿಸುತ್ತಿದ್ದರು. ಅಂಥ ಹವೆಯಲ್ಲಿ ಬಿಸಿಲಿಗೆ ಎಷ್ಟು ಬೇಗ ಗಿರಾಕಿ ಸಿಗುತ್ತಾರೆಂದು ಬಿಡಿಸಿ ಹೇಳಬೇಕಿಲ್ಲ.

ಕೆ.ಆರ್. ನಗರದಲ್ಲಿರುವ ಮೇಷ್ಟ್ರ ತಂದೆ ಸರ್ಕಾರಿ ಹೈಸ್ಕೂಲಿನ ನಿವೃತ್ತ ಹೆಡ್ಮಾಸ್ಟರು. ಮಗ ಫೋನಿನಲ್ಲಿ ಮೇಳದ ವಿವರ ಹೇಳಿದಾಗ ಎಲ್ಲ ಕೇಳಿಸಿಕೊಂಡು, "ಇದು ನಮ್ ಕೌನ್ಸೆಲಿಂಗೇ ಕಣಪ್ಪ" ಅಂದರು.

ಅವರ ಮಾತಿನಲ್ಲಿ ಸತ್ಯವಿತ್ತು. ಕರ್ನಾಟಕದಲ್ಲಿ ಶಿಕ್ಷಕರ ವರ್ಗಾವಣೆಗೆಂದೇ 2007ರಲ್ಲಿ ಕಾಯ್ದೆಯಾಯಿತು, 2020ರಲ್ಲಿ ಇನ್ನೊಂದು ಬಂತು. ಎ, ಬಿ, ಸಿ ಎಂದು ವಲಯ, ಜ್ಯೇಷ್ಠತಾ ಪಟ್ಟಿ, ಪರದೆಯ ಮೇಲೆ ಖಾಲಿ ಹುದ್ದೆಗಳು. ಹೆಸರು ಕರೆಯುವವರೆಗೆ ಹಾಲ್‌ನಲ್ಲಿ ಕಾಯಬೇಕು. ಕಣ್ಣಿಟ್ಟಿದ್ದ ಊರನ್ನು ಮುಂದಿನವರು ಎತ್ತಿಕೊಂಡು ಹೋಗುವುದನ್ನು ನೋಡುತ್ತಾ ಕೂರಬೇಕು. ಎರಡನ್ನೂ ಹೋಲಿಸಿದರೆ ಸರ್ಕಾರಿ ಕೌನ್ಸೆಲಿಂಗೇ ಹೆಚ್ಚು ನ್ಯಾಯದ್ದು ಎಂದು ಒಪ್ಪಬೇಕಾಗುತ್ತದೆ. ಅಲ್ಲಿ ನೀವು ಯಾವ ಕೋಟು ಹಾಕಿದ್ದೀರಿ ಎಂದು ಯಾರೂ ನೋಡುವುದಿಲ್ಲ.

ಬ್ಯಾಂಕಾಕಿನಲ್ಲಿ ನೋಡುತ್ತಾರೆ. ಮೇಷ್ಟ್ರು ತಮ್ಮ ಮದುವೆ ಆರತಕ್ಷತೆಯ ಸೂಟು ತೊಟ್ಟಿದ್ದರು. ಅದರ ಗುಂಡಿಗಳಿಗೂ ಹೊಟ್ಟೆಗೂ ಮಾತುಕತೆ ನಿಂತು ವರ್ಷಗಳಾಗಿದ್ದವು. ಟೀಚರು ಉಟ್ಟದ್ದು ಹಸಿರು ಮೈಸೂರು ಸಿಲ್ಕ್. ಕಪ್ಪು ಕೋಟುಗಳ ಸಮುದ್ರದಲ್ಲಿ ಅದೊಂದೇ ಹಸಿರು. ಎರಡು ದಿನ ಮೇಷ್ಟ್ರ ಹೆಸರನ್ನು ಒಬ್ಬರೂ ಸರಿಯಾಗಿ ಹೇಳಲಿಲ್ಲ. ಎಲ್ಲರ ಬಾಯಲ್ಲೂ ಅವರು ಹಸಿರು ಸೀರೆಯವರ ಗಂಡ.

ಮೇಳದ ಎದೆ ಬಡಿತ ಇರುವುದು 'ಸೈನ್ ಅಪ್' ಎಂಬ ಶಾಸ್ತ್ರದಲ್ಲಿ. ದೊಡ್ಡ ಹಾಲ್‌ನ ಸುತ್ತ ಮೇಜುಗಳು, ಒಂದೊಂದರ ಹಿಂದೆ ಒಂದೊಂದು ಶಾಲೆ, ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಖಾಲಿ ಹುದ್ದೆಗಳು. ಬಾಗಿಲ ಹೊರಗೆ ಕೈಯಲ್ಲಿ ಸಿ.ವಿ. ಕಟ್ಟು ಹಿಡಿದ ಇನ್ನೂರು ಮುನ್ನೂರು ಮೇಷ್ಟ್ರುಗಳು. ಮಕ್ಕಳಿಗೆ ದಿನವೂ "ಓಡಬೇಡಿ, ಸಾಲಾಗಿ ಬನ್ನಿ" ಎಂದು ಹೇಳುವ ಜನ ಇವರೇ. ಬಾಗಿಲು ತೆರೆದದ್ದೇ ತಡ, ಓಡಲಿಲ್ಲ ನಿಜ, ಆದರೆ ಆ ನಡಿಗೆಗೆ ವ್ಯಾಯಾಮ ಮೇಷ್ಟ್ರುಗಳು ಖಂಡಿತ ಬೇರೆ ಹೆಸರು ಇಟ್ಟಿರುತ್ತಾರೆ. ಸಿಂಗಪುರದ ಮೇಜಿನ ಮುಂದೆ ಸಾಲು ಬಾಗಿಲವರೆಗೆ ಬೆಳೆಯಿತು. ಮೇಜಿನ ಹತ್ತಿರ ಸಿಗುವುದು ಎರಡು ನಿಮಿಷ. ಆ ಎರಡು ನಿಮಿಷದಲ್ಲಿ ಒಂದೋ "ಕೋಣೆ 1412, ಮೂರೂವರೆಗೆ" ಎಂಬ ಚೀಟಿ, ಇಲ್ಲವೇ ಒಂದು ಮುಗುಳ್ನಗೆ. ಮುಗುಳ್ನಗೆ ಸಿಕ್ಕವರು ಮುಂದಿನ ಸಾಲಿನ ಬಾಲಕ್ಕೆ ಹೋಗಿ ನಿಲ್ಲಬೇಕು.

ಪಳಗಿದವರ ಉಪಾಯ ಬೇರೆ. ಅವರು ಸಾಲೇ ಇಲ್ಲದ ಮೇಜಿಗೆ ಮೊದಲು ಹೋಗುತ್ತಾರೆ. ಮೈಸೂರಿನ ದಂಪತಿ ಪಳಗಿದವರಲ್ಲ. ಸಿಂಗಪುರದ ಸಾಲಿನಲ್ಲಿ ಮೇಷ್ಟ್ರು, ವಿಯೆಟ್ನಾಮಿನ ಸಾಲಿನಲ್ಲಿ ಟೀಚರು. ಮುಕ್ಕಾಲು ಗಂಟೆಯಾದ ಮೇಲೆ ಸಿಂಗಪುರ ಹೇಳಿದ್ದು: ಗಣಿತ ಬೇಕು, ಜೀವಶಾಸ್ತ್ರ ಬೇಡ. ವಿಯೆಟ್ನಾಮ್ ಹೇಳಿದ್ದು: ಜೀವಶಾಸ್ತ್ರ ಬೇಕು, ಗಣಿತ ಡಿಸೆಂಬರಿನಲ್ಲೇ ಸ್ಕೈಪಿನಲ್ಲಿ ತುಂಬಿಹೋಯಿತು.

ಇಲ್ಲೂ ಅಪ್ಪನ ಕೌನ್ಸೆಲಿಂಗ್ ಹೋಲಿಕೆ ನೆನಪಾಯಿತು. ವರ್ಗಾವಣೆ ನಿಯಮದಲ್ಲಿ 'ಪತಿ–ಪತ್ನಿ ಪ್ರಕರಣ' ಎಂಬ ಆದ್ಯತೆ ಇದೆ. ಗಂಡ ಹೆಂಡಿರನ್ನು ಒಂದೆಡೆ ಸೇರಿಸುವ ಕರುಣೆ ಅದು. ಮೇಳದಲ್ಲೂ ಜೋಡಿ ಎಂದರೆ ಪ್ರೀತಿ, ಆದರೆ ಕಾರಣ ಕರುಣೆಯಲ್ಲ, ಬಾಡಿಗೆ. ಇಬ್ಬರು ಮೇಷ್ಟ್ರಿಗೆ ಒಂದೇ ಮನೆ ಸಾಕು. ಒಬ್ಬರೇ ಪಾಠ ಮಾಡಿ ಇನ್ನೊಬ್ಬರು ಮನೆಯಲ್ಲಿದ್ದರೆ ಆ ಇನ್ನೊಬ್ಬರನ್ನು 'ಟ್ರೇಲಿಂಗ್ ಸ್ಪೌಸ್' ಎನ್ನುತ್ತಾರೆ, ಗಾಡಿಯ ಹಿಂದೆ ಹಗ್ಗ ಕಟ್ಟಿ ಎಳೆದುಕೊಂಡು ಬಂದಂತೆ. ಜೋಡಿಗೆ ಬೆಲೆ ಹೆಚ್ಚು ಎಂಬುದು ಸರಿ, ಆದರೆ ಒಂದೇ ಶಾಲೆಯಲ್ಲಿ ಒಂದೇ ವರ್ಷ ಅವರಿಬ್ಬರ ವಿಷಯವೂ ಖಾಲಿ ಬೀಳಬೇಕಲ್ಲ. ಇದರ ಸಂಭವನೀಯತೆಯನ್ನು ಮೇಷ್ಟ್ರು ಹೋಟೆಲಿನ ನ್ಯಾಪ್ಕಿನ್ನಿನ ಮೇಲೆ ಲೆಕ್ಕ ಹಾಕಿದರು. ಉತ್ತರವನ್ನು ಹೆಂಡತಿಗೆ ತೋರಿಸಲಿಲ್ಲ.

ಪಾಸ್‌ಪೋರ್ಟಿನ ತಕರಾರು ಬೇರೆ. ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಚೀನಾದಂಥ ದೇಶಗಳ ವೀಸಾ, ನಿಮಗೆ ಇಂಗ್ಲಿಷ್ ಬರುತ್ತದೆಯೇ ಎನ್ನುವುದಕ್ಕಿಂತ ನಿಮ್ಮ ಪಾಸ್‌ಪೋರ್ಟು ಯಾವ ದೇಶದ್ದು ಎನ್ನುವುದನ್ನು ಹೆಚ್ಚು ನೆಚ್ಚುತ್ತದೆ. ಗಣಿತಕ್ಕೆ ಆ ಕಾಟ ಕಡಿಮೆ. ಎಕ್ಸ್ ಮತ್ತು ವೈಗಳಿಗೆ ಮಾತೃಭಾಷೆ ಇಲ್ಲ.

ಹೀಗೆ ಸುತ್ತಿ ಸುತ್ತಿ, ಸಾಲಿಲ್ಲದ ಒಂದು ಮೇಜಿನ ಮುಂದೆ ಕಾಲಿಗೆ ವಿರಾಮ ಕೊಡಲೆಂದು ನಿಂತಾಗ ಅಲ್ಲಿನ ಹಾಳೆಯಲ್ಲಿ ಗಣಿತ, ಅದರ ಕೆಳಗೇ ಜೀವಶಾಸ್ತ್ರ ಕಂಡಿತು. ಊರಿನ ಹೆಸರು ಅಸ್ತಾನಾ. ಮೂರೂವರೆಗೆ ಕೋಣೆ 1412. ಸಂದರ್ಶನಗಳು ಪ್ರಿನ್ಸಿಪಾಲರ ಹೋಟೆಲ್ ಕೋಣೆಯಲ್ಲೇ ನಡೆಯುವುದು ಈ ಮೇಳಗಳ ಹಳೆಯ ವಾಡಿಕೆಯಾಗಿತ್ತು. ಪೂರ್ತಿ ಮುಚ್ಚದ ಸೂಟ್‌ಕೇಸಿನಿಂದ ಒಂದು ಕಾಲುಚೀಲ ಇಣುಕುತ್ತಿತ್ತು, ಕೆಟಲಿನ ಪಕ್ಕ ಅರ್ಧ ತಿಂದ ಕಪ್ ನೂಡಲ್ಸ್. ಎಲ್ಲಿ ನೋಡಬೇಕೆಂದು ತಿಳಿಯದೆ ಮೇಷ್ಟ್ರು ಅರ್ಧ ಗಂಟೆ ಪ್ರಿನ್ಸಿಪಾಲರ ಟೈ ನೋಡಿಕೊಂಡೇ ಉತ್ತರಿಸಿದರು. ಊಟಿಯ ವಿಷಯ ಬಂದದ್ದು ಆಗಲೇ.

ರಾತ್ರಿ ಬಾಗಿಲ ಕೆಳಗೆ ಲಕೋಟೆಯೊಂದು ತೂರಿ ಬಂತು. ಎರಡು ವರ್ಷದ ಕರಾರು, ಮನೆ, ವರ್ಷಕ್ಕೊಂದು ಟಿಕೆಟ್ಟು. 24 ಗಂಟೆಯೊಳಗೆ ಉತ್ತರ ಹೇಳಬೇಕು. ಒಮ್ಮೆ ಒಪ್ಪಿ ಆಮೇಲೆ ಕೈಕೊಟ್ಟರೆ ಮೇಳ ನಡೆಸುವವರು ಮತ್ತೆ ಬಾಗಿಲಿಗೆ ಸೇರಿಸುವುದಿಲ್ಲ. ಟೀಚರು ತಾಯಿಗೆ ಫೋನ್ ಮಾಡಿದರು. ತಾಯಿ ಕೇಳಿದ್ದು ಒಂದೇ, "ಅಲ್ಲಿ ತರಕಾರಿ ಸಿಗತ್ತೇನೇ?" ಮೇಷ್ಟ್ರ ತಂದೆಗೆ ಊರಿನ ಹೆಸರೇ ಹಿಡಿಸಿಬಿಟ್ಟಿತ್ತು. ಕಝಾಕ್ ಭಾಷೆಯಲ್ಲಿ ಅಸ್ತಾನಾ ಎಂದರೆ ರಾಜಧಾನಿ ಎಂದು ಮಗ ಹೇಳಿದ. "ಮೈಸೂರಲ್ಲಿ ಆಗ್ಲಿಲ್ಲ, ಅಲ್ಲಾದ್ರೂ ಆಸ್ಥಾನ ವಿದ್ವಾಂಸ ಆಗು" ಎಂದು ಆಶೀರ್ವಾದ ಮಾಡಿದರು. ಊರಿಗೆಲ್ಲ ಹಾಗೆಯೇ ಹೇಳಿಕೊಂಡೂ ಬಂದರು.

ಆಮೇಲೆ ಕಾಗದದ ಪರ್ವ. ಪದವಿಪತ್ರಗಳಿಗೆ ಅಪೋಸ್ಟೀಲ್, ಅಂದರೆ ಹೊರದೇಶಗಳೂ ಒಪ್ಪುವ ಮುದ್ರೆ. ಅಪೋಸ್ಟೀಲ್ ಒಪ್ಪಂದ ಭಾರತಕ್ಕೆ 2005ರಲ್ಲಿ ಜಾರಿಯಾದ್ದರಿಂದ ರಾಯಭಾರ ಕಚೇರಿಗಳ ಮೆಟ್ಟಿಲು ಕಡಿಮೆಯಾಗಿತ್ತು. ಪೊಲೀಸ್ ಪ್ರಮಾಣಪತ್ರ. ಎಲ್ಲೆಲ್ಲಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಕೆಲಸ ಮಾಡಿದ್ದು, ನಡುವೆ ಖಾಲಿ ಇದ್ದರೆ ಏಕೆ. ದೇಶದಿಂದ ದೇಶಕ್ಕೆ ಹಾರುತ್ತಾ ಹತ್ತಾರು ವರ್ಷ ಮಕ್ಕಳನ್ನು ಹಿಂಸಿಸಿದ ಒಬ್ಬ ಶಿಕ್ಷಕನ ವಿಷಯ 2014ರಲ್ಲಿ ಬಯಲಾದ ಮೇಲೆ ಶಾಲೆಗಳ ಸಂಘಟನೆಗಳು ಸೇರಿ ಕಾರ್ಯಪಡೆ ರಚಿಸಿದವು, ತಪಾಸಣೆ ಬಿಗಿಯಾಯಿತು. ಈ ಒಂದು ವಿಷಯದಲ್ಲಿ ಮೇಷ್ಟ್ರು ಗೊಣಗಲಿಲ್ಲ.

ಗೊಣಗಿದ್ದು ಮಾರ್ಚಿನಲ್ಲಿ, ಅದೂ ಅವರ ಅಪ್ಪ. ಸುಮಾರು ಮೂವತ್ತು ವರ್ಷ ಆಳಿದ್ದ ಅಧ್ಯಕ್ಷ ನೂರ್‌ಸುಲ್ತಾನ್ ನಝರ್ಬಯೆವ್ 2019ರ ಮಾರ್ಚ್ 19ರಂದು ರಾಜೀನಾಮೆ ಕೊಟ್ಟರು. ಹೊಸ ಅಧ್ಯಕ್ಷರು ಬಂದವರೇ, ಗೌರವಾರ್ಥವಾಗಿ ರಾಜಧಾನಿಗೆ ನೂರ್‌ಸುಲ್ತಾನ್ ಎಂದು ಹೆಸರಿಟ್ಟರು. ಆ ಊರಿಗೆ ಇದು ಹೊಸತಲ್ಲ. ಹಿಂದೆ ಅಕ್ಮೋಲಿನ್ಸ್ಕ್ ಆಗಿತ್ತು, ಆಮೇಲೆ ತ್ಸೆಲಿನೊಗ್ರಾದ್, ಆಮೇಲೆ ಅಕ್ಮೊಲಾ, 1998ರಲ್ಲಿ ಅಸ್ತಾನಾ. ಕೆ.ಆರ್. ನಗರಕ್ಕೆ ಮಾತ್ರ ಹೊಸತು. "ಆರ್ಡರ್ ಕಾಪೀಲಿ ಒಂದೂರು, ಡ್ಯೂಟಿ ರಿಪೋರ್ಟ್ ಮಾಡ್ಕೊಳೋದು ಇನ್ನೊಂದೂರಾ? ಯಾವನೋ ಇನ್‌ಫ್ಲುಯೆನ್ಸ್ ಮಾಡಿ ನಿನ್ ಜಾಗ ಹೊಡ್ಕೊಂಡವ್ನೆ. ಡಿಡಿಪಿಐ ಥರದೋರು ಯಾರೂ ಇಲ್ವಾ ಅಲ್ಲಿ?" ಎಂದು ಅಪ್ಪ ಗುಡುಗಿದರು. ಊರು ಅದೇ, ಹೆಸರು ಮಾತ್ರ ಬೇರೆ ಎಂದು ಮಗ ಬಿಡಿಸಿ ಹೇಳಿದ್ದನ್ನು, ಮೋಸಹೋದವರು ಹೇಳಿಕೊಳ್ಳುವ ಸಮಾಧಾನ ಎಂದೇ ಅವರು ತಿಳಿದರು.

ಆಗಸ್ಟಿನಲ್ಲಿ ದಂಪತಿ ಹೋದರು. ಲಗೇಜಿನಲ್ಲಿ ಹದಿನೈದು ಕಿಲೋ ರಾಗಿ ಹಿಟ್ಟು. ಮೊದಲ ಚಳಿಗಾಲದಲ್ಲಿ ಮೇಷ್ಟ್ರ ರೆಪ್ಪೆಯ ಕೂದಲಿಗೆ ಹಿಮ ಕಟ್ಟಿತು, ಫೋಟೊ ಕೆ.ಆರ್. ನಗರದ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿತು. ಅಲ್ಲಿಯ ರಾಷ್ಟ್ರೀಯ ಭೋಜನ ಬೆಶ್‌ಬರ್ಮಕ್, ಐದು ಬೆರಳು ಎಂದು ಅರ್ಥ, ಕೈಯಲ್ಲೇ ತಿನ್ನುವುದು. ಹೆಸರು ಕೇಳಿ ಮುದ್ದೆಯ ನೆಂಟಸ್ತಿಕೆ ಎನ್ನಿಸಿದರೂ ಒಳಗಿರುವುದು ಕುದುರೆ ಮಾಂಸ ಎಂದು ತಿಳಿದ ಮೇಲೆ ಟೀಚರು ನೆಂಟಸ್ತಿಕೆ ಕಡಿದುಕೊಂಡರು. ಅಷ್ಟರಲ್ಲಿ ಕೋವಿಡ್ ಬಂತು, ಪಾಠ ಪರದೆಗೆ ಏರಿತು, ಕರಾರು ಒಂದು ವರ್ಷ ಮುಂದುವರಿಯಿತು. 2022ರ ಜೂನ್‌ನಲ್ಲಿ, ಅಪ್ಪನ ಕಣ್ಣಿನ ಪೊರೆಯ ಆಪರೇಷನ್ನಿಗೆಂದು ಇಬ್ಬರೂ ಅನುಭವ ಪತ್ರ ತೆಗೆದುಕೊಂಡು ಮೈಸೂರಿಗೆ ಮರಳಿದರು. ಪತ್ರದಲ್ಲಿ ಊರು: ನೂರ್‌ಸುಲ್ತಾನ್.

ಸೆಪ್ಟೆಂಬರಿನಲ್ಲಿ ಆ ಊರು ಮತ್ತೆ ಅಸ್ತಾನಾ ಆಯಿತು.

ಅಂದರೆ ಮೇಷ್ಟ್ರಿಗೆ ಕೆಲಸ ಸಿಕ್ಕಿದ್ದು ಅಸ್ತಾನಾದಲ್ಲಿ, ಆದರೆ ಅಸ್ತಾನಾ ಎಂಬ ಹೆಸರಿನ ಊರಿನಲ್ಲಿ ಅವರು ಒಂದು ದಿನವೂ ಕೆಲಸ ಮಾಡಲಿಲ್ಲ. ನವೆಂಬರಿನಲ್ಲಿ ಮುಂದಿನ ಮೇಳ. ಈ ಸಲ ಅವರು ಸೇರಿದ್ದು ಆನ್‌ಲೈನ್ ಮೇಳಕ್ಕೆ. ಮೇಲೆ ಅದೇ ಆರತಕ್ಷತೆಯ ಕೋಟು, ಕೆಳಗೆ ಲುಂಗಿ, ಸಾಲಿನ ಬದಲು ತಿರುಗುವ ಒಂದು ಚಕ್ರ. ಸಂದರ್ಶನ ಚೆನ್ನಾಗಿಯೇ ಆಯಿತು. ಎರಡು ದಿನ ಬಿಟ್ಟು ತಪಾಸಣೆಯವರ ಮಿಂಚಂಚೆ ಬಂತು: ತಮ್ಮ ನೇಮಕಪತ್ರ ಅಸ್ತಾನಾದ್ದು, ಅನುಭವ ಪತ್ರ ನೂರ್‌ಸುಲ್ತಾನ್‌ನದು. ಮೊದಲ ಶಾಲೆಯನ್ನು ಬಿಟ್ಟದ್ದು ಯಾವಾಗ, ಏಕೆ, ದಯವಿಟ್ಟು ತಿಳಿಸಿ.

ಮೇಷ್ಟ್ರು ರಾತ್ರಿ ಕೂತು ಕಝಾಕಸ್ತಾನದ ರಾಜಕೀಯ ಇತಿಹಾಸವನ್ನು ಎರಡು ಪುಟಕ್ಕೆ ಇಳಿಸಿದರು. ಅಕ್ಮೋಲಿನ್ಸ್ಕ್‌ನಿಂದಲೇ ಶುರುಮಾಡಿದ್ದರು. ಹವಾಮಾನದ ಬಗ್ಗೆ ಒಂದು ಪ್ಯಾರಾ ಸೇರಿಸಲು ಹೊರಟಾಗ ಟೀಚರು ಅಡುಗೆಮನೆಯಿಂದಲೇ ಕೂಗಿದರು, "ರೀ, ಊಟಿ ವಿಷಯ ಮಾತ್ರ ಬರೀಬೇಡಿ."