ಇವತ್ತು ಎಷ್ಟನೇ ದಿನ?

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಒಂದು ಕಾಂಪೌಂಡು. ಆಚೆ ಅಜ್ಜಿ, ಈಚೆ ನಾನು. ಮೈಸೂರಿನಲ್ಲಿ ಎರಡನೇ ಕಾಫಿಗೂ ಸ್ನಾನಕ್ಕೂ ಮಧ್ಯೆ ಯಾರಿಗೂ ಲೆಕ್ಕ ಕೊಡಬೇಕಿಲ್ಲದ ಒಂದು ಹೊತ್ತಿದೆಯಲ್ಲ, ಅದು ಪೂರ್ತಿ ಈ ಗೋಡೆಗೇ ಮೀಸಲು. ಮೊದಲೆಲ್ಲ ಅಜ್ಜಿ ‘ತಿಂಡಿ ಏನು ಮೇಷ್ಟ್ರೇ?’ ಅಂತ ಶುರು ಮಾಡುತ್ತಿದ್ದರು. ಈಗ ಮೂರು ತಿಂಗಳಿಂದ ಪಲ್ಲವಿ ಬದಲಾಗಿದೆ: ‘ಇವತ್ತು ಎಷ್ಟನೇ ದಿನ?’

ನನ್ನ ಪಂಚಾಂಗದಲ್ಲಿ ತಿಂಗಳಿಗೆ 21 ದಿನ. ಒಂದನೇ ದಿನ ಆಸ್ಪತ್ರೆಯಲ್ಲಿ ಕೀಮೋ. ಇಪ್ಪತ್ತೊಂದು ಮುಗಿದರೆ ಮತ್ತೆ ಒಂದು. ಇಂಥವು ಒಟ್ಟು ಆರು. ಡಾಕ್ಟರು ಇದಕ್ಕೆ ಸೈಕಲ್ ಅನ್ನುತ್ತಾರೆ. ‘ಸ್ಕೂಲಿಗೂ ಅದರಲ್ಲೇ ಹೋದ್ರಿ, ಆಸ್ಪತ್ರೆಗೂ ಅದೇನಾ?’ ಅಂತ ಅಜ್ಜಿ.

ಕಾಯಿಲೆಯ ಹೆಸರು ಲಿಂಫೋಮಾ. ಅಜ್ಜಿಯ ಬಾಯಲ್ಲಿ ಅದು ‘ನಿಂಬಮ್ಮ’ ಆಗಿ, ಮಾರಮ್ಮನ ತಂಗಿಯ ಹಾಗೆ ಕೇಳಿಸುತ್ತದೆ. ಬೀದಿಯ ಉಳಿದವರು ಹೆಸರನ್ನೇ ಎತ್ತುವುದಿಲ್ಲ. ದನಿ ತಗ್ಗಿಸಿ ‘ಕಿದ್ವಾಯಿ ಅಂತೆ’ ಅನ್ನುತ್ತಾರೆ. 1973ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಆಸ್ಪತ್ರೆಯ ಹೆಸರು ನಮ್ಮ ಕಡೆ ರೋಗದ ಹೆಸರೇ ಆಗಿಹೋಗಿದೆ. ನಾನು ತೋರಿಸುವುದು ಬೇರೆ ಕಡೆ. ಆದರೂ ಬೀದಿಯ ಲೆಕ್ಕದಲ್ಲಿ ನಾನು ಕಿದ್ವಾಯಿಯವನೇ.

ಶುರುವಾದದ್ದು ಕತ್ತಿನ ಎಡಗಡೆ, ಅಡಕೆಯಷ್ಟು ಗಂಟು. ನೋವಿರಲಿಲ್ಲ, ನೋವಿಲ್ಲ ಅಂತಲೇ ಸುಮ್ಮನಿದ್ದೆ. ರಾತ್ರಿ ಮಾತ್ರ ಬನಿಯನ್ ಹಿಂಡುವಷ್ಟು ಬೆವರು. ಅಜ್ಜಿ ಗೋಡೆಯಾಚೆಯಿಂದಲೇ ನೋಡಿ ‘ಗಂಡಮಾಲೆ’ ಅಂದರು. ಮೊದಲು ತೋರಿಸಿದ ಡಾಕ್ಟರು ಸೂಜಿ ಚುಚ್ಚಿ ಪರೀಕ್ಷೆ ಮಾಡಿಸಿ, ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ಎರಡು ತಿಂಗಳು ಟಿಬಿ ಮಾತ್ರೆ ನುಂಗಿದೆ. ಗಂಟು ಅಡಕೆಯಿಂದ ನಿಂಬೆಕಾಯಿಗೆ ಬಡ್ತಿ ಪಡೆಯಿತು. ಅವರನ್ನು ಬೈದು ಫಲವಿಲ್ಲ. ಟಿಬಿ ಇಷ್ಟಿರುವ ದೇಶದಲ್ಲಿ ಕತ್ತಿನ ಗಂಟು ಕಂಡರೆ ಮೊದಲು ಅದೇ ನೆನಪಾಗುತ್ತದೆ. ಅನ್ನ ಬೆಂದಿದೆಯೇ ಅಂತ ನೋಡಲು ಒಂದು ಅಗುಳು ಸಾಕು. ಈ ಕಾಯಿಲೆಗೆ ಸಾಲದು. ಸೂಜಿಯಲ್ಲಿ ಬರುವುದು ಒಂದಿಷ್ಟು ಬಿಡಿ ಜೀವಕೋಶ. ಗ್ರಂಥಿಯ ಒಳಗಿನ ಕಟ್ಟಡ ಹೇಗೆ ಕೆಟ್ಟಿದೆ ಅಂತ ತಿಳಿಯಲು ಗ್ರಂಥಿಯನ್ನೇ ತೆಗೆದು ಬಯಾಪ್ಸಿ ಮಾಡಬೇಕು. ಮಾಡಿದರು, ಗೊತ್ತಾಯಿತು.

‘ಗಂಟು ತೆಗೆದರಲ್ಲ, ಇನ್ನೇನು ಉಳೀತು?’ ಅಂದರು ಅಜ್ಜಿ. ಬಂದವರೆಲ್ಲರ ಪ್ರಶ್ನೆಯೂ ಅದೇ. ದುಗ್ಧರಸ ಮೈಯೆಲ್ಲ ಹರಿಯುತ್ತದೆ, ಅದರ ದಾರಿಯುದ್ದಕ್ಕೂ ಇಂಥ ಗ್ರಂಥಿಗಳು ನೂರಾರು. ‘ನಮ್ಮ ಮನೆ ನಲ್ಲಿ ಕಿತ್ತರೆ ಬೀದಿಯ ನೀರು ಶುದ್ಧವಾಗುತ್ತಾ ಅಜ್ಜಿ?’ ಅಂದೆ. ‘ನಮ್ಮ ಬೀದಿಗೆ ನೀರು ಎಲ್ಲಿ ಬರುತ್ತೆ?’ ಅಂತ ಅವರು ಕಾರ್ಪೊರೇಷನ್ನಿನ ಕಡೆ ಹೊರಟುಬಿಟ್ಟರು. ಕಾಲು ಗಂಟೆ ಕ್ಯಾನ್ಸರ್ ಮರೆತೇ ಹೋಯಿತು.

ತಲೆ ಎರಡನೇ ಸೈಕಲ್ಲಿಗೆ ಬೋಳಾಯಿತು. ತರಕಾರಿ ಗಾಡಿಯವನು ‘ತಿರುಪತಿಗೆ ಹೋಗಿದ್ರಾ ಸಾರ್?’ ಅಂದ. ವಿವರಿಸಲು ಸೋಮಾರಿತನವಾಗಿ ‘ಹ್ಞೂಂ’ ಅಂದೆ. ಮರುದಿನ ಪ್ರಸಾದ ಕೇಳಿದ. ಬೇಕರಿಯಿಂದ ಲಾಡು ತರಿಸಿ ಕೊಟ್ಟೆ. ಕಣ್ಣಿಗೊತ್ತಿಕೊಂಡು ತಿಂದ. ಆ ಪಾಪವೂ ನನ್ನ ಖಾತೆಯಲ್ಲೇ ಇದೆ.

ಸಲಹೆಗಳಿಗೇನೂ ಬರವಿಲ್ಲ. ಲಕ್ಷ್ಮಣಫಲ ಒಬ್ಬರು ತಂದರು, ಗೋಧಿಹುಲ್ಲಿನ ರಸ ಇನ್ನೊಬ್ಬರು. ಸಕ್ಕರೆ ಮುಟ್ಟಿದರೆ ಗಂಟು ಉಬ್ಬುತ್ತದೆ ಅಂತ ಮತ್ತೊಬ್ಬರು, ನನ್ನ ಹೆಂಡತಿ ಕೊಟ್ಟ ಮೈಸೂರ್‌ಪಾಕ್ ಬಾಯಲ್ಲಿಟ್ಟುಕೊಂಡೇ ಹೇಳಿದರು. ಪೆಟ್ ಸ್ಕ್ಯಾನಿಗೆ ಮುಂಚೆ ಆರು ಗಂಟೆ ಉಪವಾಸವಿರಿಸಿ, ವಿಕಿರಣದ ಗುರುತು ಹಚ್ಚಿದ ಸಕ್ಕರೆಯಂಥದ್ದನ್ನು ನರಕ್ಕೆ ಏರಿಸುತ್ತಾರೆ. ಹಸಿದ ಕ್ಯಾನ್ಸರ್ ಕೋಶಗಳು ಅದನ್ನು ಗಬಗಬ ನುಂಗಿ ಚಿತ್ರದಲ್ಲಿ ಹೊಳೆಯುತ್ತವೆ. ಸಕ್ಕರೆಯ ಪುಕಾರು ಎದ್ದದ್ದು ಇಲ್ಲಿಂದಲೇ ಇರಬೇಕು. ನಾನು ಮಾತ್ರ ಕಾಫಿಗೆ ಎರಡು ಚಮಚ ಬಿಟ್ಟಿಲ್ಲ. ಆದರೆ ಕಾಫಿಯೇ ತುಕ್ಕು ಹಿಡಿದ ಮೊಳೆ ಚೀಪಿದ ಹಾಗಿರುತ್ತದೆ, ಅದು ಬೇರೆ ಮಾತು.

ಹತ್ತನೇ ದಿನದ ಆಸುಪಾಸು ಬಿಳಿರಕ್ತಕಣ ಪಾತಾಳಕ್ಕೆ ಇಳಿಯುತ್ತದೆ. ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆ ನುಂಗಿ ಮಲಗುವ ಹಾಗಿಲ್ಲ, ನಡುರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು. ಬೇಯಿಸದ್ದು ತಿನ್ನಬಾರದು, ಮಣ್ಣು ಮುಟ್ಟಬಾರದು. ಮೊದಲ ಸೈಕಲ್ಲಿನ ಹತ್ತನೇ ದಿನವೇ ರಾಮನವಮಿ ಬಂತು. ಅಜ್ಜಿ ಗೋಡೆಯ ಮೇಲೆ ಪಾನಕದ ಲೋಟ, ಬಾಳೆಲೆ ತುಂಡಿನಲ್ಲಿ ಕೋಸಂಬರಿ ಇಟ್ಟರು. ಹಸಿ ಹೆಸರುಬೇಳೆ, ಹಸಿ ಸೌತೆಕಾಯಿ, ಮೇಲೆ ಕೊತ್ತಂಬರಿ ಸೊಪ್ಪು. ನನಗೆ ನಿಷಿದ್ಧವಾದದ್ದೆಲ್ಲ ಒಂದೇ ಎಲೆಯಲ್ಲಿ. ಬೇಡ ಅನ್ನಲು ಬಾಯಿ ಬರಲಿಲ್ಲ, ತಿನ್ನಲು ಧೈರ್ಯ ಬರಲಿಲ್ಲ. ಅಜ್ಜಿ ನನ್ನ ಮುಖ ನೋಡಿದರು. ಎಲೆ ಎತ್ತಿಕೊಂಡು ಒಳಗೆ ಹೋದರು. ಹತ್ತು ನಿಮಿಷಕ್ಕೆ ಅದೇ ಬೇಳೆ ಬೆಂದು, ಒಗ್ಗರಣೆ ಹಾಕಿಸಿಕೊಂಡು, ಹೊಗೆಯಾಡುತ್ತಾ ಸ್ಟೀಲ್ ಡಬ್ಬಿಯಲ್ಲಿ ಬಂತು. ‘ರಾಮನಿಗೆ ಹಸೀದು ಆಯ್ತು, ನಿಮಗೆ ಬೆಂದದ್ದು’ ಅಂದರು.

ಅಜ್ಜಿಯ ಕಡೆ ಗೋಡೆಯ ಮೇಲೆ ಸಾಲಾಗಿ ನಿತ್ಯಪುಷ್ಪದ ಕುಂಡಗಳು. ಕಾಶಿಕಣಗಿಲೆ ಅನ್ನುವವರೂ ಇದ್ದಾರೆ. ನೀರು ಹಾಕದಿದ್ದರೂ ಹೂಬಿಡುವ ನಿರಭಿಮಾನಿ ಗಿಡ. ನನಗೆ ಏರಿಸುವ ವಿನ್‌ಕ್ರಿಸ್ಟೀನ್ ಇದೇ ಗಿಡದ್ದು ಅಂತ ಗೊತ್ತಾದ ದಿನ ಮೇಷ್ಟ್ರ ಬುದ್ಧಿ ಬಿಡದೆ ಅಜ್ಜಿಗೆ ಪಾಠ ಮಾಡಿದೆ. ಜಮೈಕಾದಲ್ಲಿ ಸಕ್ಕರೆ ಕಾಯಿಲೆಗೆ ಇದರ ಎಲೆಯ ಕಷಾಯ ಕುಡಿಯುತ್ತಿದ್ದರಂತೆ. ಆ ಎಲೆ ಕೆನಡಾದ ಪ್ರಯೋಗಶಾಲೆಗೆ ಹೋಯಿತು. ಇಲಿಗಳಲ್ಲಿ ಸಕ್ಕರೆ ಇಳಿಯಲಿಲ್ಲ, ಬಿಳಿರಕ್ತಕಣ ಇಳಿಯಿತು. ಆ ಜಾಡು ಹಿಡಿದು 1958ರಲ್ಲಿ ನೋಬಲ್ ಮತ್ತು ಬಿಯರ್ ಅನ್ನುವವರು ಮೊದಲ ಮದ್ದನ್ನು ಬೇರ್ಪಡಿಸಿದರು. ವಿನ್‌ಕ್ರಿಸ್ಟೀನ್ ಅದರ ತಮ್ಮ. ಒಂದು ಗ್ರಾಂ ತೆಗೆಯಲು ಒಣಗಿದ ಎಲೆ ನೂರಾರು ಕಿಲೋ ಬೇಕು. ನನಗೆ ಒಂದು ಸಲಕ್ಕೆ ಕೊಡುವುದು 2 ಮಿಲಿಗ್ರಾಂ.

ಹೇಳಿದ್ದೇ ತಪ್ಪಾಯಿತು. ಮರುದಿನ ಗೋಡೆಯ ಮೇಲೆ ಲೋಟದಲ್ಲಿ ಹಸಿರು ಕಷಾಯ. ‘ಆಸ್ಪತ್ರೆಗೆ ಸಾವಿರಗಟ್ಟಲೆ ಯಾಕೆ ಸುರೀತೀರಿ? ಗಿಡ ಇಲ್ಲೇ ಇದೆ.’ ಅದು ವಿಷ, ಅಳತೆ ತಪ್ಪಿದರೆ ಆಳನ್ನೇ ತೆಗೆಯುತ್ತದೆ ಅಂತ ಅರ್ಧ ಗಂಟೆ ವಾದಿಸಿದೆ. ‘ಹಾಗಾದ್ರೆ ನಾನು ಇಷ್ಟು ವರ್ಷ ದೇವರ ತಲೆ ಮೇಲೆ ವಿಷ ಇಡ್ತಿದ್ದೆನಾ?’ ಅಂತ ಅಜ್ಜಿ ಸಿಟ್ಟಾದರು. ಎರಡು ದಿನ ಮಾತಿಲ್ಲ.

ಇನ್ನೊಂದು ಮದ್ದು ಡಾಕ್ಸೋರುಬಿಸಿನ್. ಕುಂಕುಮದ ನೀರಿನಷ್ಟು ಕೆಂಪು. ಅದರ ಮೂಲ ಇಟಲಿಯ ಒಂದು ಹಳೆಯ ಕೋಟೆಯ ಬಳಿಯ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿ. ಮಣ್ಣು ಮುಟ್ಟಬೇಡಿ ಅಂದ ಡಾಕ್ಟರೇ ಮಣ್ಣಿನ ಮದ್ದು ಏರಿಸುತ್ತಾರೆ. ಟಿಬಿ ಮಾತ್ರೆ ನುಂಗುವಾಗ ಮೂತ್ರ ಕೇಸರಿ ಬಣ್ಣ, ಇದಕ್ಕೆ ಕೆಂಪು. ಇದನ್ನು ಅಜ್ಜಿಗೆ ಹೇಳಿಲ್ಲ. ಹರಟೆಗೂ ಒಂದು ಎಲ್ಲೆ ಇದೆ.

ನಿತ್ಯಪುಷ್ಪ ಬೆರಳ ತುದಿಯಲ್ಲಿ ತನ್ನ ಗುರುತು ಬಿಟ್ಟಿದೆ. ಜುಮ್ಮೆನ್ನುತ್ತದೆ, ಹತ್ತಿ ಸುತ್ತಿದ ಹಾಗಿರುತ್ತದೆ. ಅಂಗಿಯ ಗುಂಡಿ ಹಾಕಲು ಕನ್ನಡಿ ಬೇಕು. ಮೊನ್ನೆ ಅಜ್ಜಿ ಪೂಜೆಗೆ ನಾಲ್ಕು ಹೂ ಕಿತ್ತುಕೊಡಿ ಅಂದರು. ಕಿತ್ತೆನೋ ಇಲ್ಲವೋ ತಿಳಿಯಲಿಲ್ಲ. ತಡಕಾಡುತ್ತಲೇ ಇದ್ದೆ. ‘ಕೈಯಲ್ಲೇ ಇದೆಯಲ್ಲ ಮೇಷ್ಟ್ರೇ’ ಅಂದರು. ನೋಡಿದರೆ ಹೂ ನನ್ನ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆಯೇ ಇತ್ತು.

ನಡುವಿನ ಸ್ಕ್ಯಾನಿನಲ್ಲಿ ಹೊಳಪು ಬಹಳ ಕಡಿಮೆಯಾಗಿದೆಯಂತೆ. ಈಗ ಐದನೇ ಸೈಕಲ್ ನಡೆಯುತ್ತಿದೆ. ಪ್ರತಿ ಸೈಕಲ್ಲಿನ ಮೊದಲ ಐದು ದಿನ ಸ್ಟೀರಾಯ್ಡ್ ಮಾತ್ರೆ. ಅದು ಹೊಟ್ಟೆಗೆ ಹೋದರೆ ನಿದ್ದೆ ಇಲ್ಲ, ತಡೆಯಲಾರದ ಹಸಿವು, ನಾಲಗೆಗೆ ಬ್ರೇಕಿಲ್ಲ. ರಾತ್ರಿ ಮೂರಕ್ಕೆ ಎದ್ದು ಅಟ್ಟದ ಪಾತ್ರೆಯನ್ನೆಲ್ಲ ಜೋಡಿಸಿದ್ದೇನೆ. ಆರನೇ ದಿನ ಮಾತ್ರೆ ನಿಂತ ಕೂಡಲೇ ಗಾಳಿ ಬಿಟ್ಟ ಟ್ಯೂಬಿನ ಹಾಗೆ ಮಂಚಕ್ಕೆ ಬೀಳುತ್ತೇನೆ.

ಈ ಬೆಳಿಗ್ಗೆ ಗೋಡೆಯ ಹತ್ತಿರ ನಿಂತಿದ್ದೆ. ಅಜ್ಜಿ ಹೂಬುಟ್ಟಿ ಹಿಡಿದು ಬಂದರು.

‘ಇವತ್ತು ಎಷ್ಟನೇ ದಿನ?’

‘ಮೂರು.’

‘ಅಯ್ಯೋ, ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ’ ಅಂತ ಅಜ್ಜಿ ಬುಟ್ಟಿಯ ಸಮೇತ ಒಳಗೆ ಓಡಿದರು.