ಗಂಟೆಗೆ 180 ಡಾಲರ್ ಉಳಿಸಿದ ಕಥೆ

ಬೆಂಗಳೂರಿನಲ್ಲಿದ್ದಷ್ಟು ದಿನ ನಾನು ನಲ್ಲಿಯ ವಾಷರ್ ಕೂಡ ಬದಲಿಸಿದವನಲ್ಲ. ಫ್ಯೂಸ್ ಹೋದರೆ ಎದುರುಮನೆ ಹುಡುಗನನ್ನು ಕೂಗುತ್ತಿದ್ದೆ. ಸ್ಕೂಟರ್ ಪಂಕ್ಚರ್ ಆದರೆ ಅದನ್ನು ಅಂಗಡಿಯವರೆಗೆ ತಳ್ಳುವ ಕೆಲಸ ತಮ್ಮನದು. ಬಿ.ಇ. ಮೆಕ್ಯಾನಿಕಲ್ ಮಾಡಿದವನು ಸ್ಪ್ಯಾನರ್ ಹಿಡಿಯಬಾರದು ಎಂಬುದು ನಮ್ಮ ಮನೆಯ ಅಲಿಖಿತ ಕಾನೂನು. ಅಂಥ ನಾನು ಈಗ ಮಿಷಿಗನ್ನಿನಲ್ಲಿ ಪ್ರತಿ ಶನಿವಾರ ಬೆಳಿಗ್ಗೆ 7ಕ್ಕೆ, ಮನೆಯೆದುರು ನಿಂತ 28 ಅಡಿ ಉದ್ದದ ಆರ್‌ವಿಯ ಹೊಟ್ಟೆಯಡಿ ಅಂಗಾತ ಮಲಗಿ, ಹಣೆಗೆ ಟಾರ್ಚ್ ಕಟ್ಟಿಕೊಂಡು, ಯೂಟ್ಯೂಬ್ ಗುರುಗಳ ಪ್ರವಚನ ಆಲಿಸುತ್ತಿರುತ್ತೇನೆ.

ಆರ್‌ವಿ ಎಂದರೆ ಅಡುಗೆಮನೆ, ಮಂಚ, ಬಚ್ಚಲು, ಕಕ್ಕಸು ಎಲ್ಲವನ್ನೂ ವ್ಯಾನಿನ ಬೆನ್ನಿಗೆ ಕಟ್ಟಿದ ಗಾಡಿ. ನನ್ನದು ಕ್ಲಾಸ್ ಸಿ, ಅಂದರೆ ಡ್ರೈವರನ ನೆತ್ತಿಯ ಮೇಲೊಂದು ಅಟ್ಟವೂ ಉಂಟು. ನಮ್ಮೂರಿನಲ್ಲಿ ಇದನ್ನು ಕ್ಯಾರವಾನ್ ಅನ್ನುತ್ತಾರೆ. ಶೂಟಿಂಗ್ ನಡುವೆ ಹೀರೋ ಅದರೊಳಗೆ ಹೋಗಿ ಕೂತರೆ ನಿರ್ಮಾಪಕರು ಹೊರಗೆ ನಿಂತು ಕಾಯುತ್ತಾರೆ. ಇಂಡಿಯಾನಾದ ಎಲ್ಕ್‌ಹಾರ್ಟ್ ಎಂಬ ಊರು ಈ ಉದ್ಯಮದ ಕಾಶಿ. ಅಲ್ಲಿನ ಆರ್‌ವಿ ಮ್ಯೂಸಿಯಮ್ಮಿನಲ್ಲಿ ನಟಿ ಮೇ ವೆಸ್ಟ್‌ಗೆಂದು ಮಾಡಿಸಿದ 1931ರ ಮನೆಗಾಡಿ ಇದೆ. ಅದರ ಮುಂದೆ ನಿಂತಾಗಲೇ ನನಗೆ ಈ ಆಸೆ ಹುಟ್ಟಿದ್ದು. ಮನೆ ಕಟ್ಟಿ ನೋಡು ಅಂದ ಹಿರಿಯರು, ಕಟ್ಟಿದ ಮನೆಗೆ ಗಾಲಿ ಸಿಕ್ಕಿಸಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅಲ್ಲಾಡಿಸಿ ನೋಡು ಅಂದಿರಲಿಲ್ಲ. ದಿನವಿಡೀ ಭೂಕಂಪ ಅನುಭವಿಸುವ ಮನೆಯಲ್ಲಿ ಸಡಿಲವಾಗದೆ ಉಳಿಯುವುದು ಸಾಲದ ಕಂತು ಮಾತ್ರ.

ವರ್ಕ್‌ಶಾಪಿನವರು ಬೇಸಿಗೆಯಲ್ಲಿ ಆರು ವಾರ ಕಾಯಬೇಕು ಅಂದರು. ಕೂಲಿ ಗಂಟೆಗೆ 180 ಡಾಲರ್. ನನ್ನೊಳಗಿನ ಕನ್ನಡಿಗ ತಕ್ಷಣ ಅದನ್ನು ರೂಪಾಯಿಗೆ ಗುಣಿಸಿ ತತ್ತರಿಸಿದ. ಅದೇ ರಾತ್ರಿ ಎಕ್ಸೆಲ್ ಹಾಳೆಯೊಂದನ್ನು ತೆರೆದು 'ಉಳಿತಾಯ' ಎಂದು ಹೆಸರಿಟ್ಟೆ. ಸೂತ್ರ ಸರಳ: ನಾನು ರಿಪೇರಿ ಮಾಡಿದಷ್ಟು ಗಂಟೆ ಗುಣಿಸು 180.

ಮೊದಲು ಸೋರಿದ್ದು ಅಟ್ಟ. ಆರ್‌ವಿಯ ಸೂರು ರಬ್ಬರ್ ಹಾಳೆ. ಅದರ ಸಂದುಗಳಿಗೆ ತಾನಾಗಿ ಹರಡಿ ಕೂರುವ ಬೇರೆಯದೇ ಸೀಲೆಂಟ್ ಇದೆ. ನನ್ನ ಗ್ಯಾರೇಜಿನಲ್ಲಿ ಬಚ್ಚಲಿಗೆಂದು ತಂದ ಸಿಲಿಕೋನ್ ಅರ್ಧ ಟ್ಯೂಬು ಉಳಿದಿತ್ತು. ಇರುವುದನ್ನು ಬಿಟ್ಟು ಹೊಸದು ತರುವುದು ನಮ್ಮ ಸಂಸ್ಕೃತಿಯಲ್ಲ. ಬಳಿದೆ. ಸಿಲಿಕೋನ್ ರಬ್ಬರಿಗೆ ಸರಿಯಾಗಿ ಅಂಟುವುದಿಲ್ಲ. ಅದರ ಮೇಲೆ ಆಮೇಲೆ ಬೇರೇನೂ ಅಂಟುವುದಿಲ್ಲ. ಅಂದರೆ ನಾನು ಸೋರಿಕೆಯನ್ನು ಖಾಯಂ ಮಾಡಿದ್ದೆ. ನೀರು ಗೋಡೆಯೊಳಗಿನ ತೆಳು ಪ್ಲೈವುಡ್ಡಿಗೆ ಇಳಿದು, ಹೊರಗಿನ ಫೈಬರ್‌ಗ್ಲಾಸ್ ಪೂರಿಯ ಹಾಗೆ ಉಬ್ಬಿತು. ಪೂರಿಯನ್ನಾದರೂ ಬೆರಳಿನಿಂದ ಒತ್ತಿ ಇಳಿಸಬಹುದು.

ಆಮೇಲೆ ವಿದ್ಯುತ್ತು. ಗಾಡಿಯ 30 ಆಂಪ್ ಪ್ಲಗ್ಗಿಗೆ ಬೇಕಾದದ್ದು 120 ವೋಲ್ಟ್. ಇಲ್ಲಿನ ಹಳೆಯ ಮನೆಗಳಲ್ಲಿ ಬಟ್ಟೆ ಒಣಗಿಸುವ ಯಂತ್ರಕ್ಕೂ 30 ಆಂಪಿನ ಮೂರು ಕಾಲಿನ ಸಾಕೆಟ್ ಇರುತ್ತದೆ, ಆದರೆ ಅದು 240 ವೋಲ್ಟ್. ಎರಡೂ ನೋಡಲು ದಾಯಾದಿಗಳ ಹಾಗೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರೇ ಇಲ್ಲಿ ಎಡವಿದ್ದುಂಟು. ಅಂದಮೇಲೆ ಕೆಇಬಿಯ 230 ವೋಲ್ಟಿನಲ್ಲಿ ಹುಟ್ಟಿ ಬೆಳೆದ ನನಗೆ 240 ಎಂಬ ಅಂಕಿ ತವರಿನವರು ಬಂದಷ್ಟೇ ಆಪ್ತ. ಮನೆಯೆದುರಿನ ಕಂಬಕ್ಕೆ ನಾನೇ ವೈರ್ ಎಳೆದು, ಊದುಬತ್ತಿ ಹಚ್ಚಿ, ಸ್ವಿಚ್ ಒತ್ತಿದೆ. ಮೈಕ್ರೋವೇವಿನ ಗಡಿಯಾರ ಒಮ್ಮೆ ಕಣ್ಣರಳಿಸಿ ನನ್ನನ್ನು ನೋಡಿ, ಶಾಶ್ವತವಾಗಿ ಕಣ್ಣುಮುಚ್ಚಿತು. ಟಿವಿ, ಬ್ಯಾಟರಿ ಚಾರ್ಜ್ ಮಾಡುವ ಕನ್ವರ್ಟರ್ ಎಲ್ಲವೂ ಸಹಗಮನ ಮಾಡಿದವು.

"ರೀ, ಊದುಬತ್ತಿ ಯಾಕೆ ಹೀಗೆ ನಾರ್ತಿದೆ?" ಎಂದಳು ಹೆಂಡತಿ ಅಡುಗೆಮನೆಯಿಂದ.

ಹಾಳೆಯಲ್ಲಿ ಬರೆದೆ: ವಿದ್ಯುತ್, 9 ಗಂಟೆ, 1,620 ಡಾಲರ್ ಉಳಿತಾಯ.

ಫ್ರಿಜ್ಜಿನ ಕಥೆ ಸ್ವಲ್ಪ ಘನವಾದದ್ದು. ಹಳೆಯ ಆರ್‌ವಿಗಳ ಫ್ರಿಜ್ಜಿನಲ್ಲಿ ಕಂಪ್ರೆಸರ್ ಇಲ್ಲ. ಕೆಳಗೊಂದು ಗ್ಯಾಸಿನ ಪುಟ್ಟ ಜ್ವಾಲೆ. ಅದರ ಬಿಸಿಗೆ ಅಮೋನಿಯ ನೀರಿನಿಂದ ಬೇರೆಯಾಗಿ ಮೇಲೇರಿ, ದ್ರವವಾಗಿ, ಮತ್ತೆ ಆವಿಯಾಗುವಾಗ ಒಳಗಿನ ಶಾಖವನ್ನೆಲ್ಲ ಹೀರಿಕೊಂಡು, ಪುನಃ ನೀರನ್ನು ಸೇರುತ್ತದೆ. ಬೆಂಕಿ ಹಚ್ಚಿ ಐಸ್ ಮಾಡುವ ಈ ಇಂದ್ರಜಾಲವನ್ನು 1922ರಲ್ಲಿ ಕಂಡುಹಿಡಿದವರು ಫಾನ್ ಪ್ಲಾಟೆನ್ ಮತ್ತು ಮುಂಟರ್ಸ್ ಎಂಬ ಇಬ್ಬರು ಸ್ವೀಡನ್ ವಿದ್ಯಾರ್ಥಿಗಳು. ಐನ್‌ಸ್ಟೈನ್ ಕೂಡ ಭೌತವಿಜ್ಞಾನಿ ಸಿಲಾರ್ಡ್ ಜೊತೆ ಸೇರಿ, ಚಲಿಸುವ ಭಾಗಗಳೇ ಇಲ್ಲದ ಫ್ರಿಜ್ಜೊಂದಕ್ಕೆ 1930ರಲ್ಲಿ ಅಮೆರಿಕದ ಪೇಟೆಂಟ್ ಪಡೆದಿದ್ದ. ಐನ್‌ಸ್ಟೈನ್ ಕೈಹಾಕಿದ ವಸ್ತುವಿಗೆ ನಾನು ಕೈಹಾಕದೆ ಇರುವುದುಂಟೆ?

ಈ ಫ್ರಿಜ್ಜಿಗೆ ಒಂದೇ ಹಟ: ಗಾಡಿ ಮಟ್ಟಸವಾಗಿ ನಿಂತಿರಬೇಕು. ಓರೆಯಾದರೆ ಒಳಗಿನ ದ್ರವ ಮೂಲೆಯಲ್ಲಿ ನಿಂತು ತಂಪು ನಿಲ್ಲುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂದು ನಾವು ಶತಮಾನಗಳಿಂದ ಯಾರನ್ನೋ ಆಡಿಕೊಂಡು ಬಂದಿದ್ದೇವೆ. ಆಕೆ ಅಮೋನಿಯ ಫ್ರಿಜ್ಜಾಗಿದ್ದರೆ ಆ ಮಾತು ಅಕ್ಷರಶಃ ಸತ್ಯ. ನಾನು ಟೈರಿನಡಿ ಮರದ ಹಲಗೆ ಇಟ್ಟು, ಫೋನಿನ ರಸಮಟ್ಟ ನೋಡಿ, ಕೆಳಗಿಳಿದು, ಇನ್ನೊಂದು ಹಲಗೆ ಇಟ್ಟು, ಮತ್ತೆ ಹತ್ತಿ ನೋಡುವಷ್ಟರಲ್ಲಿ ಹಾಲು ಹೆಪ್ಪಿಲ್ಲದೆಯೇ ಮೊಸರಾಗಿತ್ತು. ಕೊನೆಗೆ ಹಳೆಯ ಕೈಮದ್ದು: ಫ್ರಿಜ್ಜನ್ನು ಬಿಚ್ಚಿ ಒಂದು ದಿನ ತಲೆಕೆಳಗಾಗಿ ನಿಲ್ಲಿಸುವುದು. ಅದು 24 ಗಂಟೆ ಶೀರ್ಷಾಸನ ಮಾಡಿತು. ಎದ್ದಾಗ ಮನಶ್ಶಾಂತಿ ಸಿಕ್ಕಂತೆ ಕಂಡಿತು, ತಂಪು ಸಿಗಲಿಲ್ಲ. ಆ 24 ಗಂಟೆಯನ್ನೂ ಲೆಕ್ಕಕ್ಕೆ ಹಿಡಿದಿದ್ದೇನೆ. ನಾನು ಪಕ್ಕದಲ್ಲೇ ಇದ್ದೆನಲ್ಲ.

ಇನ್ನು ಕಪ್ಪು ಟ್ಯಾಂಕು. ಕಕ್ಕಸಿನದೆಲ್ಲ ಇದಕ್ಕೆ, ಬಚ್ಚಲು ಮತ್ತು ಪಾತ್ರೆ ತೊಳೆದ ನೀರು ಬೂದು ಟ್ಯಾಂಕಿಗೆ. ಬೀಡುಬಿಟ್ಟ ಕಡೆ ಕಪ್ಪು ಟ್ಯಾಂಕಿನ ವಾಲ್ವ್ ಮುಚ್ಚಿಟ್ಟು, ತುಂಬುತ್ತ ಬಂದಮೇಲೆ ಒಮ್ಮೆಲೇ ಬಿಡಬೇಕು. ಹಿಂದೆಯೇ ಬೂದು ನೀರು ಬಿಟ್ಟು ಪೈಪು ತೊಳೆಯಬೇಕು. ನಾನು ಬುದ್ಧಿವಂತ, ವಾಲ್ವನ್ನು ಮೊದಲ ದಿನದಿಂದಲೇ ತೆರೆದಿಟ್ಟೆ. ನೀರೆಲ್ಲ ಹರಿದುಹೋಗಿ ಘನವಾದದ್ದು ಅಲ್ಲೇ ಗುಡ್ಡೆಯಾಗಿ ನಿಂತಿತು. ಬಲ್ಲವರು ಇದಕ್ಕೆ ಪಿರಮಿಡ್ ಅನ್ನುತ್ತಾರೆ. ಈಜಿಪ್ಟಿನದನ್ನು ಕಟ್ಟಿದವರು ಒಡೆಯಬೇಕಾಗಿ ಬರಲಿಲ್ಲ.

ಮೂರು ಜೊತೆ ಗ್ಲೌಸು, ಒಂದು ಕೋಲು, ಎರಡು ದಿನ. ಗೆದ್ದೆ. ಕೈಯಲ್ಲಿ ಕಂದು ಬಣ್ಣದ ಪೈಪು ಹಿಡಿದು, ಹೆಬ್ಬೆರಳೆತ್ತಿ ಫೋಟೋ ತೆಗೆಸಿಕೊಂಡು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ. ಶೀರ್ಷಿಕೆ: 'ಸ್ವಾವಲಂಬನೆ'. ನಮ್ಮ ಅಜ್ಜಿಯ ಮನೆಯ ಹಿಂದೆ ಒಂದು ಸಂದಿಯಿತ್ತು. ಇದೇ ಕೆಲಸ ಮಾಡುವ ಹೆಂಗಸು ಮುಂಬಾಗಿಲು ನೋಡಿದವಳಲ್ಲ. ಅವಳು ಹೋದಮೇಲೆ ಅಜ್ಜಿ ಸಂದಿಗೆ ನೀರು ಚೆಲ್ಲುತ್ತಿದ್ದಳು. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದ್ದು 1970ರ ದಶಕದಲ್ಲಿ. ಕೇಂದ್ರದ ಕಾನೂನು 1993ರಲ್ಲಿ ಬಂತು, ಸಾಲದೆಂದು 2013ರಲ್ಲಿ ಇನ್ನೊಂದು ಬಂತು. ಅವಳ ಫೋಟೋ ಯಾರೂ ತೆಗೆದಿರಲಿಲ್ಲ. ಅವಳಿಗೆ ಗಂಟೆಗೆ ಎಷ್ಟು ಎಂದು ಯಾರೂ ಕೇಳಿರಲಿಲ್ಲ. ಗಂಟೆಗೆ 180 ಡಾಲರ್ ಅಂದಾಗ ಮಾತ್ರ ನಮ್ಮ ವಂಶಕ್ಕೆ ಈ ಕೆಲಸದಲ್ಲಿ ಘನತೆ ಕಂಡಿದ್ದು.

ಐದೇ ನಿಮಿಷಕ್ಕೆ ತಿಪಟೂರಿನಿಂದ ಅಪ್ಪನ ಫೋನ್. "ಲೋ, ಮೊದಲು ಆ ಫೋಟೋ ತೆಗಿ. ನಿನ್ನ ತಂಗಿಗೆ ಗಂಡಿನ ಕಡೆಯವರು ಜಾತಕ ಕೇಳಿದ್ದಾರೆ."

ತೆಗೆದೆ. ಹಾಳೆಯ ಒಟ್ಟು ಮೊತ್ತ ಆಗ 13,500 ಡಾಲರ್ ಉಳಿತಾಯ ತೋರಿಸುತ್ತಿತ್ತು, 75 ಗಂಟೆಗೆ. ಹೊಸ ಫ್ರಿಜ್ಜು, ಕನ್ವರ್ಟರು, ಮೈಕ್ರೋವೇವು, ಟಿವಿ ಮತ್ತು ಟಾರ್ಕ್ ರೆಂಚು ಬಂಡವಾಳ. ಅವು ಖರ್ಚಿನಲ್ಲಿ ಬರುವುದಿಲ್ಲ. ಹೆಂಡತಿ ಹಾಳೆಯನ್ನು ಮೇಲಿಂದ ಕೆಳಗೆ ನೋಡಿದಳು. "ಇನ್ನೂ ನಿಧಾನವಾಗಿ ಮಾಡ್ರೀ," ಎಂದಳು, "ಮನೆ ಸಾಲ ತೀರಿಹೋಗುತ್ತೆ."

ಆಗಸ್ಟಿನಲ್ಲಿ ಕೊನೆಗೂ ಕ್ಯಾಂಪಿಗೆ ಹೋದೆವು. ಸರೋವರದ ದಡ, ಸಂಜೆ, ಬಿಸಿ ಉಪ್ಪಿಟ್ಟು. ಪಕ್ಕದ ಗಾಡಿಯ ಬಿಳಿಗಡ್ಡದ ಅಮೆರಿಕನ್ ಹಿಂಜರಿಯುತ್ತ ಬಂದ. ಟ್ಯಾಂಕು ಖಾಲಿ ಮಾಡಿದರೂ ಮೀಟರು ಮೂರನೇ ಎರಡು ಭಾಗ ತುಂಬಿದೆ ಅನ್ನುತ್ತದಂತೆ. ಎಲ್ಲರ ಮೀಟರೂ ಹಾಗೇ ಅನ್ನುತ್ತದೆ. ಸೆನ್ಸರಿಗೆ ಒಮ್ಮೆ ಕೊಳೆ ಮೆತ್ತಿದರೆ ಅದು ನಿಜ ಹೇಳುವುದನ್ನು ಬಿಡುತ್ತದೆ. ನಾನು ತಟ್ಟೆ ಕೆಳಗಿಟ್ಟು ಕೈ ಒರೆಸಿಕೊಂಡೆ. ಎರಡು ಚೀಲ ಐಸ್ ಗಡ್ಡೆಗಳನ್ನು ಕಕ್ಕಸಿಗೆ ಸುರಿದು, ಗುಂಡಿಬಿದ್ದ ರಸ್ತೆಯಲ್ಲಿ 20 ಮೈಲಿ ಗಾಡಿ ಓಡಿಸಿದರೆ, ಒಳಗೆ ಉರುಳಾಡಿ ಎಲ್ಲವನ್ನೂ ಉಜ್ಜಿ ತೆಗೆಯುತ್ತವೆ ಎಂದು ಗಂಭೀರವಾಗಿ ವಿವರಿಸಿದೆ. ನಾನು ನಾಲ್ಕು ಸಲ ಮಾಡಿದ್ದೇನೆ. ಐಸ್ ಕರಗಿದೆ, ಮೀಟರು ಕರಗಿಲ್ಲ. ಆತ ನನ್ನ ಕೈ ಕುಲುಕಿ, ನೀವು ಇಂಜಿನಿಯರಾ ಎಂದು ಕೇಳಿದ. ಹೌದು, ಮೆಕ್ಯಾನಿಕಲ್ ಅಂದೆ.

ರಾತ್ರಿ ಎಲ್ಲರೂ ಮಲಗಿದಮೇಲೆ ಲ್ಯಾಪ್‌ಟಾಪ್ ತೆರೆದು ಹಾಳೆಗೆ ಹೊಸ ಸಾಲು ಸೇರಿಸಿದೆ: ತಾಂತ್ರಿಕ ಸಲಹೆ, ಅರ್ಧ ಗಂಟೆ, 90 ಡಾಲರ್.